ಇಪ್ಪತ್ಮೂರನೇ ಬಾಟ್ಲಿಯ ನೀರು

ಬೈಲಹೊಂಗಲದ ಆ ಕಾಲೇಜಿನಲ್ಲಿ ಕಾಡವ್ವನ ಕೈಗೆ ಮೊದಲು ಬಂದದ್ದು ಕಸಬರಿಗೆ. ಗಂಡ ತೀರಿಕೊಂಡ ಮರುವರ್ಷದ ಮಾತು. ಸಂಪಗಾಂವದಿಂದ ಮುಂಜಾನೆಯ ಮೊದಲ ಬಸ್ಸಿಗೆ ಬಂದು, ಉದ್ದನೆಯ ಪಡಸಾಲೆ ಗುಡಿಸಿ, ಸಂಜೆಯ ಬಸ್ಸಿಗೆ ಮರಳುತ್ತಿದ್ದಳು. ರಸಾಯನಶಾಸ್ತ್ರದ ಲ್ಯಾಬಿನ ಹೊಸ್ತಿಲ ತನಕ ಅವಳ ಕೆಲಸ; ಒಳಗೆ ಬರಂಗಿಲ್ಲ ಅಂತ ಯಾರೂ ಹೇಳಿರಲಿಲ್ಲ, ಆದರೂ ಅವಳು ಹೊಸ್ತಿಲಿಗೇ ನಿಲ್ಲುತ್ತಿದ್ದಳು. ಒಂದು ದಿನ ಲ್ಯಾಬಿನ ಆಳು ರಜೆ ಹಾಕಿದ. ಅಲ್ಲಿದ್ದ ಮುದುಕ ಪ್ರೊಫೆಸರು ಅವಳನ್ನು ಕರೆದು ಗಾಜಿನ ಸಾಮಾನು ತೊಳೆಯಲು ಹಚ್ಚಿದರು. ಸಂಜೆಯ ತನಕ ಅವಳ ಕೈಯಿಂದ ಒಂದು ನಳಿಗೆ ಸಹ ಒಡೆಯಲಿಲ್ಲ. ಮರುದಿನದಿಂದ ಅವಳು ಹೊಸ್ತಿಲ ಒಳಗಿನವಳಾದಳು.

ಓದು ಬರಹ ಅಷ್ಟಕ್ಕಷ್ಟೆ. ಬಾಟ್ಲಿಗಳ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಚಿತ್ರ ನೋಡಿದಂತೆ ನೋಡಿ ನೆನಪಿಟ್ಟುಕೊಂಡಳು. ನಾಲ್ಕೈದು ವರ್ಷದ ನಂತರ ಅದೇ ಪ್ರೊಫೆಸರು ನೀರಿನ ಭಟ್ಟಿಯನ್ನು ಅವಳ ಸುಪರ್ದಿಗೆ ಕೊಟ್ಟರು. ಗಾಜಿನ ದೊಡ್ಡ ಬುರುಡೆಯೊಳಗೆ ಕರೆಂಟಿನ ಕಾಯಿಲ್ ಕಾದು ನೀರು ಕುದಿಯುವುದು, ಆವಿ ಮೇಲೇರಿ ತಣ್ಣಗಾಗಿ ಹನಿಹನಿಯಾಗಿ ಕ್ಯಾನಿಗೆ ಬೀಳುವುದು. ಲ್ಯಾಬಿನ ಎಲ್ಲ ಕೆಲಸಕ್ಕೂ ಅದೇ ನೀರು.

"ಕಾಡವ್ವಾ, ಈ ಊರಾಗ ಇದಕ್ಕಿಂತ ಚೊಕ್ಕ ನೀರ ಇಲ್ಲ," ಅಂದಿದ್ದರು ಅವರು. "ನೀ ಬಿಟ್ಟು ಬ್ಯಾರೇದವರು ಯಾರೂ ಇದನ್ನ ಮುಟ್ಟಂಗಿಲ್ಲ. ಗೊತ್ತಾತಿಲ್ಲ?"

ಆ ಮಾತು ಅವಳಿಗೆ ಎಲ್ಲಿ ತಾಕಿತು ಅನ್ನುವುದು ಅವರಿಗೆ ಗೊತ್ತಿರಲಿಕ್ಕಿಲ್ಲ. ಕಾಡವ್ವ ಹುಟ್ಟಿದ ಊರಿನಲ್ಲಿ ಅವಳ ತಾಯಿ ಬಾವಿಯ ಕಟ್ಟೆಯಿಂದ ಹತ್ತು ಮಾರು ದೂರ ಕೊಡ ಇಟ್ಟುಕೊಂಡು ನಿಲ್ಲುತ್ತಿದ್ದಳು. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿದರೆ ಅವತ್ತಿಗೆ ನೀರು. ತಾಯಿಯ ಸೆರಗು ಹಿಡಿದು ನಿಂತ ಆ ಬಿಸಿಲು ಕಾಡವ್ವನ ನೆತ್ತಿಯಿಂದ ಇಳಿದಿರಲಿಲ್ಲ. ಈಗ ನೋಡಿದರೆ ಪ್ರೊಫೆಸರುಗಳು, ಹುಡುಗರು, ದೊಡ್ಡ ದೊಡ್ಡ ಮನೆತನದ ಹುಡುಗಿಯರು ಅವಳ ಮುಂದೆ ಬಾಟ್ಲಿ ಹಿಡಿದು ನಿಂತು, "ಮಾವಶಿ, ಒಂದ್ ಲೀಟರ್ ಕೊಡ್ರಿ," ಅನ್ನುತ್ತಿದ್ದರು. ಅವಳು ಇಪ್ಪತ್ತು ವರ್ಷ ಆ ನೀರು ಕೊಟ್ಟಳು. ದಿನವೂ ರಜಿಸ್ಟರಿನಲ್ಲಿ ಇಷ್ಟು ಲೀಟರು ಅಂತ ಬರೆದು, ಸೊಟ್ಟ ಅಕ್ಷರದಲ್ಲಿ ಸಹಿ ಮಾಡಿದಳು. ಬರೆದದ್ದು ಒಂದು ದಿನವೂ ಸುಳ್ಳಿರಲಿಲ್ಲ, ಆ ಮಾರ್ಚ್ ತಿಂಗಳ ಮೂರು ದಿನ ಬಿಟ್ಟರೆ.

ಸಂಘಮಿತ್ರಾ ಬಂದದ್ದು ನಾಲ್ಕು ವರ್ಷದ ಕೆಳಗೆ. ರಾಮದುರ್ಗದ ಹುಡುಗಿ. ತಂದೆ ಲಗಮಪ್ಪ ಕೈಮಗ್ಗದ ಸೀರೆಗಳ ನೂಲಿಗೆ ಬಣ್ಣ ಹಾಕುವವನು. ಅವನ ಉಗುರಿನ ಬುಡದ ನೀಲಿ ಹಬ್ಬಕ್ಕೂ ಹೋಗುತ್ತಿರಲಿಲ್ಲವಂತೆ. ಬಣ್ಣ ಅದ್ದಿ ಉಳಿದ ನೀರು ಮನೆಯ ಹಿಂದಿನ ಗಟಾರದಲ್ಲಿ ಒಂದು ದಿನ ಕೆಂಪು, ಒಂದು ದಿನ ಹಸಿರು ಹರಿಯುವುದನ್ನು ನೋಡುತ್ತ ಬೆಳೆದವಳು. ಎಮ್ಮೆಸ್ಸಿ ಮುಗಿಸಿ, ಸದಾಶಿವ ಸರ್ ಕೈಕೆಳಗೆ ಪಿಎಚ್‌ಡಿಗೆ ಹೆಸರು ಹಚ್ಚಿ, ಬೈಲಹೊಂಗಲದಲ್ಲೇ ಒಂದು ಖೋಲಿ ಹಿಡಿದಿದ್ದಳು. ಅಷ್ಟುದ್ದದ ಹೆಸರು ಕಾಡವ್ವನ ನಾಲಿಗೆಗೆ ಒಗ್ಗಲಿಲ್ಲ. ಎರಡನೇ ದಿನಕ್ಕೇ ಅವಳು ಸಂಗವ್ವ ಆದಳು.

ಅವಳ ಕೆಲಸ ಏನೆಂದು ಕಾಡವ್ವನಿಗೆ ಮೊದಮೊದಲು ತಿಳಿಯಲಿಲ್ಲ. ಬೆಲ್ಲದ ನೀರನ್ನು ಉಕ್ಕಿನ ಗಟ್ಟಿ ಡಬ್ಬಿಯಲ್ಲಿ ಹಾಕಿ, ತಿರುಪಿನ ಮುಚ್ಚಳ ಬಿಗಿದು, ಓವನ್ನಿನಲ್ಲಿ ಇಡೀ ದಿನ ಬೇಯಿಸುತ್ತಿದ್ದಳು. ತೆಗೆದರೆ ಕರಕಲು ಚಹಾದಂಥ ನೀರು. ಅದನ್ನು ಸೋಸಿ ಸೋಸಿ ಸಣ್ಣ ಬಾಟ್ಲಿಗೆ ತುಂಬಿ ನಂಬರು ಬರೆಯುತ್ತಿದ್ದಳು.

"ಇಷ್ಟ ಓದಿ ಬೆಲ್ಲ ಸುಡಾಕ ಬಂದಿಯೇನವಾ?" ಅಂತ ಕಾಡವ್ವ ಒಮ್ಮೆ ಕೇಳಿದಳು.

ಸಂಘಮಿತ್ರಾ ನಕ್ಕು, ಕಿಟಕಿಯ ಕರಿಪರದೆ ಎಳೆದು, ಬಾಟ್ಲಿಯ ಮೇಲೆ ನೇರಳೆ ಬೆಳಕಿನ ಟಾರ್ಚು ಹಿಡಿದಳು. ಕರಕಲು ನೀರು ತಿಳಿನೀಲಿಯಾಗಿ ಬೆಳಗಿತು. ಕಾಡವ್ವ ಒಂದು ಹೆಜ್ಜೆ ಹಿಂದೆ ಸರಿದಳು.

"ಇದು ಮಸಿ, ಮಾವಶಿ. ಬರೇ ಇಂಗಾಲ. ಆದ್ರ ಎಷ್ಟ ಸಣ್ಣದಂದ್ರ, ನಿಮ್ಮ ಒಂದ ತಲಿಗೂದಲದ ದಪ್ಪದಾಗ ಇಂಥಾವು ಹತ್ತ ಸಾವಿರ ಸಾಲ ಹಚ್ಚಿ ನಿಲ್ಲತಾವ. ಅಷ್ಟ ಸಣ್ಣ ಆದಮ್ಯಾಗ ಮಸಿ ಮಸಿಯಂಗ ಇರೂದಿಲ್ಲ. ಬೆಳಕ ಹಿಡೀತೈತಿ. ಹಿಡದ ಬೆಳಕನ್ನ ನೀರಾಗಿನ ಬಣ್ಣಕ್ಕ ದಾಟಸತೈತಿ. ಬಣ್ಣದ ಕಣ ಆ ಪೆಟ್ಟಿಗೆ ಮುರದು ಹೋಗತಾವ. ಬೆಂಕಿ ಬ್ಯಾಡ, ಕರೆಂಟ್ ಬ್ಯಾಡ, ಬಿಸಲಾಗ ಇಟ್ರ ಸಾಕು. ನಮ್ಮ ಅಪ್ಪ ಚೆಲ್ಲೋ ನೀರ ತಿಳಿ ಆಗಿ ಹರೀಬೇಕು, ಅದಕ್ಕ ಇದೆಲ್ಲ."

"ಆಗತೈತೇನು?"

"ಆಗತೈತಿ, ಖರೇ ಭಾಳ ಸಾವಕಾಶ. ಒಂದ ಗ್ಲಾಸ್ ನೀರಿಗೆ ನಾಲ್ಕ ತಾಸು. ಅಷ್ಟೊತ್ತಿಗೆ ಹೊತ್ತ ಮುಳಗತೈತಿ."

ಅಲ್ಲಿಂದ ಇಬ್ಬರೂ ಮಧ್ಯಾಹ್ನ ಒಟ್ಟಿಗೆ ಬುತ್ತಿ ಬಿಚ್ಚತೊಡಗಿದರು. ಕಾಡವ್ವನ ರೊಟ್ಟಿ, ಸಂಘಮಿತ್ರಾಳ ಶೇಂಗಾ ಚಟ್ನಿ. ಕ್ಯಾನಿನ ನಲ್ಲಿಯನ್ನು ತಾನೇ ತಿರುಗಿಸಿ ನೀರು ಬಿಟ್ಟುಕೊಳ್ಳುವ ಸಲಿಗೆಯೂ ಹುಡುಗಿಗೆ ಬಂತು. ಗಾಜು ತೊಳೆಯುವಾಗ ಕಾಡವ್ವ ಅವಳ ಬಾಟ್ಲಿಗಳನ್ನು ಬೇರೆ ಇಟ್ಟು ಎರಡು ಸಲ ತೊಳೆಯುತ್ತಿದ್ದಳು. ಸಂಘಮಿತ್ರಾಳ ಬೆರಳುಗಳಿಗೆ ಸದಾ ಆ ಬೆಲ್ಲದ ಅಂಟು. ಎಲ್ಲಿ ಮುಟ್ಟಿದರೂ ಒಂದು ಕಂದು ಗುರುತು. ಕಾಡವ್ವ ಬೈಯುತ್ತ ಒರೆಸುವಳು.

ಆ ಮಾರ್ಚಿನಲ್ಲಿ ಭಟ್ಟಿ ಸುಟ್ಟಿತು. ಮಗಳ ಫೋನು ಬಂದು ಕಾಡವ್ವ ವರಾಂಡಕ್ಕೆ ಹೋಗಿದ್ದಳು. ಮಾತು ಬೆಳೆಯಿತು. ಬುರುಡೆಯ ನೀರು ತೀರಿ, ಕಾಯಿಲ್ ಒಣಗಿ ಕರಕಲಾಯಿತು. ವರ್ಷದಲ್ಲಿ ಅದು ಎರಡನೇ ಸಲ. ಇನ್ನೊಮ್ಮೆ ಹೀಗಾದರೆ ಭಟ್ಟಿ ಬೇರೆಯವರಿಗೆ ಕೊಟ್ಟು ಅವಳನ್ನು ಪಡಸಾಲೆಗೆ ಕಳಿಸುವುದಾಗಿ ಪ್ರಿನ್ಸಿಪಾಲರು ಮೊದಲೇ ಅಂದಿದ್ದರು. ಕಸಬರಿಗೆಗೆ ಅವಳು ಹೆದರಿದವಳಲ್ಲ. ಆದರೆ ಆ ನೀರು ಕೈ ಬಿಟ್ಟರೆ ತಾನು ಮತ್ತೆ ಹೊಸ್ತಿಲ ಹೊರಗಿನವಳು ಅನ್ನುವುದು ಅವಳ ಎದೆಯಲ್ಲಿ ಗಚ್ಚಾಗಿ ಕೂತಿತ್ತು. ಪೇಟೆಯಲ್ಲಿ ಕಾಯಿಲ್ ಕಟ್ಟುವವನ ಹತ್ತಿರ ಅದನ್ನು ಗುಟ್ಟಾಗಿ ಒಯ್ದು ಕೊಟ್ಟಳು. ಅವನು ಮೂರು ದಿನ ಅಂದ.

ಆ ಮೂರು ದಿನ ಅವಳು ಕಾಲೇಜಿನ ಹಿಂದಿನ ಹಳೇ ಕೈಪಂಪಿನಿಂದ ನೀರು ತಂದಳು. ಬೇಸಿಗೆಯಲ್ಲಿ ಆ ಪಂಪಿನ ನೀರು ಕೆಳಗಿಳಿದು ತುಕ್ಕಿನ ಕೆಂಪು ಬರುತ್ತದೆ. ಯಾರಿಗೂ ಕಾಣಬಾರದೆಂದು ಸೋಸುವ ಕಾಗದದಲ್ಲಿ ಎರಡು ಸಲ ಸೋಸಿದಳು. ತಿಳಿಯಾಯಿತು. ಕ್ಯಾನಿಗೆ ತುಂಬಿ, ರಜಿಸ್ಟರಿನಲ್ಲಿ ಎಂದಿನಂತೆ ಬರೆದು ಸಹಿ ಹಾಕಿದಳು. ಎರಡನೇ ದಿನ ಸಂಘಮಿತ್ರಾ ಬಂದು ಆ ಕ್ಯಾನಿನಿಂದ ಒಂದು ಬಾಟ್ಲಿ ನೀರು ಬಿಟ್ಟುಕೊಂಡು ಹೋದಳು. ಕಾಡವ್ವ ಆ ಹೊತ್ತಿನಲ್ಲಿ ಬೆನ್ನು ತಿರುಗಿಸಿ ನಳಿಗೆ ತೊಳೆಯುತ್ತಿದ್ದಳು.

ಆ ನೀರಿನಿಂದ ಆದದ್ದು ಇಪ್ಪತ್ಮೂರನೇ ಬಾಟ್ಲಿ.

ಅದನ್ನು ನೀಲಿ ಬಣ್ಣದ ನೀರಿಗೆ ಬೆರೆಸಿ ಬಿಸಿಲಿಗಿಟ್ಟ ದಿನ ಸಂಘಮಿತ್ರಾ ಮಾಳಿಗೆಯ ಮೇಲಿನ ಬಯಲು ಗಚ್ಚಿಯಿಂದ ಓಡುತ್ತ ಇಳಿದು ಬಂದಳು. ನಾಲ್ಕು ತಾಸು ಬೇಕಾದದ್ದು ನಲವತ್ತು ನಿಮಿಷಕ್ಕೆ ತಿಳಿಯಾಗಿತ್ತು. ಉಳಿದ ಬಣ್ಣವನ್ನೂ ಅದಕ್ಕೇ ಹಾಕಿದಳು; ಅದೂ ತಿಳಿಯಾಯಿತು. ಸದಾಶಿವ ಸರ್ ಯಂತ್ರದಲ್ಲಿ ಇಟ್ಟು ಅಳೆದು, ಕನ್ನಡಕ ತೆಗೆದು, ಮತ್ತೆ ಅಳೆದರು. ಅವತ್ತು ಇಡೀ ವಿಭಾಗಕ್ಕೆ ಕುಂದಾ ಹಂಚಿದರು. ಕಾಡವ್ವನಿಗೆ ಸಂಘಮಿತ್ರಾ ತಾನೇ ಬಾಯಿಗೆ ಹಾಕಿದಳು. ಕಾಡವ್ವ ಅದನ್ನು ನುಂಗಿದಳು. ನೀರಿಗೂ ಇದಕ್ಕೂ ಸಂಬಂಧ ಇದ್ದೀತೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಹೊಳೆಯತೊಡಗಿದ್ದು ಮುಂದೆ. ಕಾಯಿಲ್ ಬಂತು, ಭಟ್ಟಿ ನಡೆಯಿತು, ಚೊಕ್ಕ ನೀರು ಇಳಿಯಿತು. ಸಂಘಮಿತ್ರಾ ಅದೇ ಬೆಲ್ಲ, ಅದೇ ಡಬ್ಬಿ, ಅದೇ ಬಿಸಿ ಇಟ್ಟು ಮತ್ತೆ ಮಾಡಿದಳು. ನಾಲ್ಕು ತಾಸು. ಇನ್ನೊಮ್ಮೆ ಮಾಡಿದಳು. ನಾಲ್ಕು ತಾಸು. ಬೆಲ್ಲ ಬದಲಾಯಿಸಿದಳು, ಡಬ್ಬಿ ಬದಲಾಯಿಸಿದಳು. ಏಪ್ರಿಲ್ ಹೋಗಿ ಜುಲೈ ಬಂದರೂ ಇಪ್ಪತ್ಮೂರರಂಥದ್ದು ಮತ್ತೊಂದು ಹುಟ್ಟಲಿಲ್ಲ. ಆ ಬಾಟ್ಲಿಯಲ್ಲಿದ್ದದ್ದಂತೂ ಪರೀಕ್ಷೆಗಳಲ್ಲೇ ತೀರಿತ್ತು. ಹುಡುಗಿ ಬುತ್ತಿ ತರುವುದನ್ನು ಮರೆಯತೊಡಗಿದಳು. ಕಾಡವ್ವ ರೊಟ್ಟಿ ಮುಂದಿಟ್ಟರೆ ಅರ್ಧ ತಿಂದು, ಯಾವುದೋ ಲೆಕ್ಕ ನೆನಪಾಗಿ ಎದ್ದು ಹೋಗುವಳು.

ಒಂದು ಮಧ್ಯಾಹ್ನ ಸದಾಶಿವ ಸರ್ ಅವಳ ಟೇಬಲ್ಲಿನ ಹತ್ತಿರ ಬಂದು ನಿಂತರು. ಕಾಡವ್ವ ಮೂಲೆಯಲ್ಲಿ ಬಾಟ್ಲಿ ಒರೆಸುತ್ತಿದ್ದಳು.

"ಸಂಘಮಿತ್ರಾ, ಆ ಇಪ್ಪತ್ಮೂರನ್ನ ಥೀಸಿಸ್‌ನ್ಯಾಗ ಹಾಕಬ್ಯಾಡ," ಅಂದರು. "ಒಮ್ಮೆ ಬಂದದ್ದು ಬಂದಂಗಲ್ಲ. ನೋಡಿದವರು ಸುಳ್ಳ ಬರದಾಳ ಅಂತಾರ."

"ನೀವೂ ಅಂತೀರೇನ್ರಿ ಸರ್?"

ಸರ್ ಕಿಟಕಿಯ ಕಡೆ ನೋಡಿ, ಹೊರಗೆ ಹೋದರು.

ಹುಡುಗಿ ಮಾರ್ಚಿನ ಹಾಳೆಗಳನ್ನು ಮೊದಲಿಂದ ತಿರುವಿ ನೋಡಿದಳು. ಆಮೇಲೆ ಎದ್ದು ಕಾಡವ್ವನ ಹತ್ತಿರ ಬಂದಳು.

"ಮಾವಶಿ, ಮಾರ್ಚದಾಗ ಭಟ್ಟಿ ಛಲೋ ಇತ್ತಲ್ಲ?"

ಕಾಡವ್ವನ ಕೈಯಲ್ಲಿ ಒದ್ದೆ ಅರಿವೆ ಇತ್ತು. ಹೇಳಿಬಿಡಲು ಒಂದು ಗುಟುಕು ಉಸಿರು ಸಾಕಿತ್ತು. ಪ್ರಿನ್ಸಿಪಾಲರ ಮುಖ, ಪಡಸಾಲೆ, ತಾಯಿಯ ಕೊಡ, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು.

"ಛಲೋ ಇತ್ತವಾ," ಅಂದಳು.

"ನೀವ ಹೇಳಿದ್ರ ಮುಗೀತು," ಅಂದು ಸಂಘಮಿತ್ರಾ ತನ್ನ ಜಾಗಕ್ಕೆ ಹೋಗಿ ಹೊಸ ಹಾಳೆ ತೆರೆದಳು.

ಆಗಸ್ಟಿನಲ್ಲಿ ಊರಿಗೆ ಹೋದವಳಿಗೆ ಜ್ವರ ಬಂತು. ಡೆಂಗ್ಯೂ ಅಂದರು. ಆರನೇ ದಿನ ಸದಾಶಿವ ಸರ್ ಲ್ಯಾಬಿಗೆ ಬಂದು, ಎಲ್ಲರನ್ನೂ ಕೂರಿಸಿ, ಸಂಘಮಿತ್ರಾ ಇನ್ನಿಲ್ಲ ಅಂತ ಹೇಳಿದರು. ಅವತ್ತು ಭಟ್ಟಿ ಹಚ್ಚಿದ್ದು ಕಾಡವ್ವನಿಗೆ ನೆನಪಿಲ್ಲ. ಆದರೆ ಸಂಜೆ ನೋಡಿದರೆ ಕ್ಯಾನು ತುಂಬಿತ್ತು.

ಸೆಪ್ಟೆಂಬರಿನಲ್ಲಿ ಸಂಘಮಿತ್ರಾಳ ಟೇಬಲ್ಲು ತೆರವು ಮಾಡಲು ಸರ್ ಹೇಳಿದರು. ಹೊಸದಾಗಿ ಸೇರಿದ ಪೂನಮ್ ಅನ್ನುವ ಹುಡುಗಿಗೆ ಆ ಜಾಗ ಬೇಕಿತ್ತು. ಕಾಡವ್ವ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಕೂತಳು. ಪುಸ್ತಕ, ಒಂದು ಕರ್ಚೀಫು, ಹಣಿಗೆ, ಬಾಟ್ಲಿಗಳು. ಡ್ರಾವರಿನಲ್ಲಿ ಆ ನೇರಳೆ ಟಾರ್ಚು. ಬಾಟ್ಲಿಗಳಲ್ಲಿ ಯಾವುದು ಬರಿದು, ಯಾವುದರಲ್ಲಿ ಇನ್ನೂ ಏನಾದರೂ ಇದೆ ಅಂತ ನೋಡಲು ಪರದೆ ಎಳೆದು ಟಾರ್ಚು ಹಚ್ಚಿದಳು.

ಬಾಟ್ಲಿ ನೋಡುವ ಮೊದಲೇ ಟೇಬಲ್ಲಿನ ಅಂಚು ಬೆಳಗಿತು. ನಾಲ್ಕು ಬೆರಳಿನ ಗುರುತು, ತಿಳಿನೀಲಿ, ಒಂದರ ಪಕ್ಕ ಒಂದು. ಬೆರಳಿನ ಸುಳಿಗೆರೆ ಸಹ ಕಾಣುತ್ತಿತ್ತು. ಕಾಡವ್ವ ಟಾರ್ಚು ತಿರುಗಿಸಿದಳು. ಡ್ರಾವರಿನ ಹಿಡಿಕೆಯ ಮೇಲೆ ಹೆಬ್ಬೆರಳು. ಸ್ಟೂಲಿನ ಬದಿಗೆ ಇಡೀ ಅಂಗೈ, ಅವಳು ಎದ್ದೇಳುವಾಗ ಊರುತ್ತಿದ್ದ ಜಾಗದಲ್ಲೇ. ಗೋಡೆಯ ಸ್ವಿಚ್ಚಿನ ಮೇಲೆ ಒಂದು ಚುಕ್ಕೆ. ಬಿಡದೆ ಒರೆಸುತ್ತಿದ್ದ ಲ್ಯಾಬಿನಲ್ಲಿ ಕಣ್ಣಿಗೆ ಕಾಣದೆ ಉಳಿದದ್ದು ಇಷ್ಟು. ಆ ಗುರುತುಗಳ ಜಾಡು ಹಿಡಿದು ಹೆಜ್ಜೆ ಹೆಜ್ಜೆಯಾಗಿ ನಡೆದಳು. ಅದು ಅವಳದೇ ಮೂಲೆಗೆ ಬಂದು ಮುಟ್ಟಿತು. ನೀರಿನ ಕ್ಯಾನಿನ ನಲ್ಲಿಯ ಮೇಲೆ, ಮೇಲಿಂದ ಮೇಲೆ ಬಿದ್ದ ಬೆರಳುಗಳು. ಎಷ್ಟು ಸಲ ಬಂದಿದ್ದಳೋ ಅಷ್ಟೂ.

ಕಾಡವ್ವ ಟಾರ್ಚು ಆರಿಸಿದಳು. ಕತ್ತಲಲ್ಲಿ ಆ ನಲ್ಲಿ ಇನ್ನೂ ಬೆಳಗುತ್ತಿದೆ ಅನ್ನಿಸಿತು. ಹಾಗೆ ಬೆಳಗುವುದಿಲ್ಲ, ಟಾರ್ಚು ಆರಿದರೆ ಅದೂ ಆರುತ್ತದೆ ಅಂತ ಸಂಗವ್ವನೇ ಹೇಳಿದ್ದಳು. ಆದರೂ ಪರದೆ ಸರಿಸುವ ತನಕ ಅವಳಿಗೆ ಕಾಲು ಕಿತ್ತಿಡಲಾಗಲಿಲ್ಲ.

ಅಂದಿನಿಂದ ಅವಳಿಗೆ ನಲ್ಲಿ ಮುಟ್ಟುವುದೇ ಕಷ್ಟವಾಯಿತು. ಒರೆಸಲೂ ಆಗದು, ಮುಟ್ಟದೆ ಇರಲೂ ಆಗದು. ಯಾರಾದರೂ ನೀರು ಬಿಟ್ಟುಕೊಳ್ಳಲು ಬಂದರೆ, "ಇಡ್ರಿ, ನಾ ಕೊಡತೇನಿ," ಅಂತ ತಾನೇ ಎರಡು ಬೆರಳ ತುದಿಯಲ್ಲಿ ತಿರುಗಿಸುವಳು. ಓವನ್ನಿನ ಗಡಿಯಾರ ಟಿಕ್ ಅಂದರೆ ತಿರುಗಿ ನೋಡುವಳು. ಮಳೆಗಾಲದ ಮೋಡದ ಮಧ್ಯಾಹ್ನಗಳಲ್ಲಿ ಬೆನ್ನ ಹಿಂದೆ, "ಛಲೋ ಇತ್ತಲ್ಲ?" ಅಂತ ಕೇಳಿದಂತಾಗುವುದು. ಸಿಟ್ಟಿನ ದನಿಯಲ್ಲ. ಬದುಕಿದ್ದಾಗ ಕೇಳಿದ ಅದೇ ನಂಬಿಕೆಯ ದನಿ. ಅದಕ್ಕೇ ಅದನ್ನು ತಾಳಲಾಗುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಕಾಡವ್ವ ಸಂಘಮಿತ್ರಾಳ ಸಾಮಾನಿನ ಚೀಲ ಹಿಡಿದು ಸವದತ್ತಿ ಮೇಲೆ ಹಾದು ರಾಮದುರ್ಗಕ್ಕೆ ಹೋದಳು. ತಾಯಿ ಬಾಯವ್ವ ಬಾಗಿಲಲ್ಲೇ ಕೂತಿದ್ದಳು. ತಮ್ಮ ಯುವರಾಜ ಚಾಪೆ ಹಾಸಿದ. ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ಸಂಘಮಿತ್ರಾಳದು. ತಂದೆ ಲಗಮಪ್ಪ ಬಣ್ಣದ ಕೆಲಸಕ್ಕೆ ಹೋಗಿದ್ದ.

"ನೀವ ಅಲ್ಲೇನ್ರಿ ಮಾವಶಿ ಅಂದ್ರ?" ಅಂತ ಬಾಯವ್ವ ಕೇಳಿದಳು. "ಜ್ವರದಾಗ ನಿಮ್ಮ ಹೆಸರ ಭಾಳ ತಗೀತಿದ್ಲು. ನೀರು, ನೀರು ಅನ್ನಾಕಿ. ನಾವು ಕುಡಿಯಾಕ ಕೇಳಾಕತ್ತಾಳಂತ ತಿಳದು ಬಾಯಿಗೆ ನೀರ ಹಿಡದ್ರ ಬ್ಯಾಡಂತ ತಲಿ ಅಳ್ಳಾಡಸಾಕಿ. ಮಾವಶಿ ಕೊಟ್ಟ ನೀರು, ಚೊಕ್ಕ ಐತಿ, ಅದರಾಗ ತಪ್ಪಿಲ್ಲ ಅಂತಿದ್ಲು. ಏನದು, ನಿಮಗೇನರ ತಿಳೀತೈತೇನ್ರಿ?"

ಕಾಡವ್ವ ಸಾಮಾನಿನ ಚೀಲವನ್ನು ಅವಳ ಮುಂದೆ ಸರಿಸಿದಳು.

"ಅಕ್ಕಾನ ಸರ್ ಫೋನ್ ಮಾಡಿದ್ರು," ಅಂದ ಯುವರಾಜ. "ಥೀಸಿಸ್ ಅರ್ಧಾ ಆಗಿತ್ತು, ಒಂದ ಫಲಿತಾಂಶ ಮಾತ್ರ ಅನುಮಾನ ಇತ್ತು ಅಂದ್ರು. ಅನುಮಾನ ಅಂದ್ರ ಏನ್ರಿ? ನಮ್ಮಕ್ಕ ಸುಳ್ಳ ಬರದಿದ್ಲೇನು?"

"ಇಲ್ಲಪ್ಪಾ," ಅಂದಳು ಕಾಡವ್ವ. ಅದಕ್ಕಿಂತ ಹೆಚ್ಚು ಅವತ್ತು ಅವಳ ಬಾಯಿಂದ ಹೊರಡಲಿಲ್ಲ. ಕೊಟ್ಟ ಚಹಾ ಕುಡಿದು, ಎದ್ದು ಬಂದಳು. ಬಸ್ಸಿನಲ್ಲಿ ಸವದತ್ತಿ ಬಂದದ್ದು ಗೊತ್ತಾಗಲಿಲ್ಲ, ಹೋದದ್ದು ಗೊತ್ತಾಗಲಿಲ್ಲ. ಸಾಯುವ ಹುಡುಗಿ ತನ್ನ ತಪ್ಪನ್ನು ಎಲ್ಲ ಕಡೆ ಹುಡುಕಿ, ಅದು ಇದ್ದ ಒಂದೇ ಜಾಗವನ್ನು ನಂಬಿಕೆಯಿಂದ ದಾಟಿ ಹೋಗಿದ್ದಳು.

ಮರುದಿನ ಮುಂಜಾನೆ ಸದಾಶಿವ ಸರ್ ಖೋಲಿಯ ಬಾಗಿಲಲ್ಲಿ ಕಾಡವ್ವ ನಿಂತಿದ್ದಳು. ರಜಿಸ್ಟರು ತೆಗೆದು ಅವರ ಮುಂದಿಟ್ಟು, ಮಾರ್ಚಿನ ಆ ಮೂರು ಸಾಲುಗಳ ಮೇಲೆ ಬೆರಳಿಟ್ಟಳು.

"ಇವು ಸುಳ್ಳರೀ ಸರ್. ಇದು ಭಟ್ಟಿ ನೀರಲ್ಲ. ಹಿಂದಿನ ಕೈಪಂಪಿಂದು. ಸಂಗವ್ವ ಕೇಳಿದಾಗೂ ನಾ ಸುಳ್ಳ ಹೇಳೇನಿ."

ಸರ್ ಮೊದಲು ಅರ್ಥವಾಗದವರಂತೆ ನೋಡಿದರು. ಅರ್ಥವಾದ ಮೇಲೆ ಅವರ ಮುಖ ಬಿಳಿಚಿತು. ಕೂಗಾಡುತ್ತಾರೆಂದು ಕಾಡವ್ವ ಕಾದಳು. ಅವರು ಕೂಗಾಡಲಿಲ್ಲ.

"ಕಬ್ಬಿಣ," ಅಂದರು ತಮ್ಮಷ್ಟಕ್ಕೆ. "ತುಕ್ಕಿನ ನೀರಾಗ ಕಬ್ಬಿಣ ಇರತೈತಿ. ಅದು ಆ ಕಣದಾಗ ಸೇರಿದ್ರ... ನಾ ಅಕಿ ಬೆಲ್ಲ ಪರೀಕ್ಷಾ ಮಾಡಿಸಿದೆ, ಡಬ್ಬಿ ಪರೀಕ್ಷಾ ಮಾಡಿಸಿದೆ. ಕಡೀಕೆ ಅಕಿನ್ನ ಪರೀಕ್ಷಾ ಮಾಡಿದೆ. ನೀರ ಮಾತ್ರ ನೋಡಲಿಲ್ಲ."

ಆ ವಾರವೇ ಪೂನಮ್ ಕೈಯಲ್ಲಿ ಕೈಪಂಪಿನ ನೀರಿನಿಂದ ಒಂದು ಬಾಟ್ಲಿ ಮಾಡಿಸಿದರು. ಬಿಸಿಲಿಗಿಟ್ಟರು. ಕಾಡವ್ವ ಗಚ್ಚಿಯ ಮೆಟ್ಟಿಲ ಮೇಲೆ ಕೂತು ಕಾದಳು. ನಲವತ್ತು ನಿಮಿಷ ಆಯಿತು, ಒಂದು ತಾಸು ಆಯಿತು, ಎರಡಾಯಿತು. ನೀಲಿ ನೀಲಿಯಾಗೇ ಇತ್ತು. ಕಡೆಗೆ ಮೂರೂವರೆ ತಾಸು.

"ಇದೂ ಅಲ್ಲ," ಅಂದರು ಸರ್.

"ಮಳಿ ಆಗಿ ಅಂತರ್ಜಲ ಮ್ಯಾಲ ಬಂದೈತ್ರಿ," ಅಂದಳು ಕಾಡವ್ವ. "ಈಗ ಪಂಪಿನ್ಯಾಗ ಕೆಂಪ ಇಲ್ಲ. ಬ್ಯಾಸಗ್ಯಾಗ ಬರತೈತಿ."

ಸರ್ ನಂಬಿದರೋ ಇಲ್ಲವೋ, ಬೇಸಿಗೆ ಬರಲಿ ಅಂದರು. ಅಷ್ಟರಲ್ಲಿ ವಿಷಯ ಪ್ರಿನ್ಸಿಪಾಲರಿಗೆ ಮುಟ್ಟಿತ್ತು. ಕಾಡವ್ವನಿಗೆ ಮೆಮೊ ಬಂತು. ಭಟ್ಟಿಯ ಕೀಲಿ ಬೇರೆಯವರ ಕೈಗೆ ಹೋಯಿತು. ನಿವೃತ್ತಿಗೆ ಒಂದೂವರೆ ವರ್ಷ ಇರುವಾಗ ಅವಳು ಮತ್ತೆ ಪಡಸಾಲೆ ಗುಡಿಸತೊಡಗಿದಳು. ಇಷ್ಟು ವರ್ಷ ಯಾವುದಕ್ಕೆ ಅಂಜಿದ್ದಳೋ ಅದು ಬಂದಾಗ ಅದಕ್ಕೆ ಅಂಥ ಭಾರ ಇರಲಿಲ್ಲ. ಭಾರ ಇದ್ದದ್ದು ಕಾಯುವುದರಲ್ಲಿ. ತಾನು ಹೇಳಿದ ಸತ್ಯಕ್ಕೂ ಈಗ ಸಾಕ್ಷಿ ಇಲ್ಲ. ಹುಡುಗಿಯ ಮೇಲಿನ ಅನುಮಾನ ಹಾಗೇ ಇದೆ, ಅದರ ಪಕ್ಕದಲ್ಲಿ ತನ್ನದೊಂದು ಸೇರಿತು ಅಷ್ಟೆ. ದಿನವೂ ಹೊತ್ತು ಏರುವಾಗ ಕಾಲೇಜಿನ ಹಿಂದೆ ಹೋಗಿ, ಕೈಪಂಪು ಹತ್ತು ಸಲ ಒತ್ತಿ, ಬೊಗಸೆಯಲ್ಲಿ ನೀರು ಹಿಡಿದು ಬೆಳಕಿಗೆ ನೋಡುವಳು. ತಿಳಿ. ಡಿಸೆಂಬರಿನಲ್ಲಿ ತಿಳಿ. ಜನವರಿಯಲ್ಲಿ ತಿಳಿ. ಬೊಗಸೆಯ ನೀರಿನಲ್ಲಿ ತನ್ನ ಹೆಗಲ ಹಿಂದಿನಿಂದ ಇನ್ನೊಂದು ಮುಖ ಬಾಗಿ ನೋಡಿದಂತೆ ಎರಡು ಸಲ ಅನ್ನಿಸಿ, ನೀರು ಚೆಲ್ಲಿ ಬಂದಳು.

ಫೆಬ್ರವರಿಯ ಕಡೆಯ ವಾರ ಬೊಗಸೆಯ ತಳದಲ್ಲಿ ಕೆಂಪು ಇಳಿಯಿತು.

ಅವಳು ಆ ಕೈಯನ್ನು ಹಾಗೇ ಹಿಡಿದುಕೊಂಡು ಲ್ಯಾಬಿಗೆ ಹೋದಳು. ಹೊಸ್ತಿಲಲ್ಲಿ ನಿಂತು, "ಪೂನಮ್‌ಬಾಯಿ, ಬಂತು," ಅಂದಳು.

ಪೂನಮ್ ಅವಳನ್ನು ಒಳಗೆ ಕರೆದಳು. ಮಾರ್ಚಿನ ಮೊದಲ ವಾರದ ತನಕ ಕಾದು, ಕಳೆದ ವರ್ಷ ಕಾಡವ್ವ ಹೇಗೆ ಸೋಸಿದ್ದಳೋ ಹಾಗೆಯೇ ಅವಳ ಕೈಯಿಂದಲೇ ಸೋಸಿಸಿದರು. ಬೆಲ್ಲ ಬೆಂದಿತು. ಗಚ್ಚಿಯ ಮೇಲೆ ಸರ್, ಪೂನಮ್, ಕಾಡವ್ವ ಮೂವರೂ ನಿಂತರು. ಇಪ್ಪತ್ತು ನಿಮಿಷಕ್ಕೆ ನೀಲಿ ಬೂದು ಬಣ್ಣವಾಯಿತು. ನಲವತ್ತೆರಡಕ್ಕೆ ಬಾಟ್ಲಿಯ ಆಚೆ ಇದ್ದ ಸದಾಶಿವ ಸರ್ ಬೆರಳುಗಳು ಈಚೆಯಿಂದ ಕಂಡವು. ಅವರು ಅಲ್ಲೇ ಗಚ್ಚಿಯ ಕಟ್ಟೆಯ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮತ್ತೆ ಎರಡು ಸಲ ಮಾಡಿದರು. ಮೂರೂ ಸಲ ಹಾಗೇ ಬಂತು. ಸಂಘಮಿತ್ರಾಳ ಹೆಸರನ್ನು ಮೊದಲಿಗಿಟ್ಟು ಪ್ರಬಂಧ ಬರೆಯತೊಡಗಿದರು.

ಏಪ್ರಿಲಿನ ಒಂದು ಭಾನುವಾರ ಕಾಡವ್ವ ಮತ್ತೆ ರಾಮದುರ್ಗದ ಬಸ್ಸು ಹತ್ತಿದಳು. ಅವಳ ಚೀಲದಲ್ಲಿ ಪೂನಮ್ ಕೊಟ್ಟ ಒಂದು ಬಾಟ್ಲಿ ಇತ್ತು. ಈ ಸಲ ಚಾಪೆಯ ಮೇಲೆ ಕೂರುವ ಮೊದಲೇ ಎಲ್ಲ ಹೇಳಿದಳು. ಕಾಯಿಲ್, ಪಂಪು, ಸೋಸಿದ್ದು, ಜುಲೈಯಲ್ಲಿ ಹುಡುಗಿ ಕೇಳಿದ್ದು, ತಾನು ಅಂದದ್ದು. ಬಾಯವ್ವ ಕದಲದೆ ಕೇಳಿದಳು. ಯುವರಾಜ ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡುತ್ತಿದ್ದ.

"ಅಂದ್ರ ಅಕಿ ಕೇಳಿದಾಗ ನಿಮಗ ಗೊತ್ತಿತ್ತು," ಅಂದಳು ಬಾಯವ್ವ.

"ನೀರಿಂದ ಆಗೇತಂತ ಪೂರಾ ಗೊತ್ತಿರಲಿಲ್ಲ. ಅನುಮಾನ ಇತ್ತು. ಸುಳ್ಳ ಹೇಳಾಕತ್ತೇನಿ ಅನ್ನೂದು ಗೊತ್ತಿತ್ತು."

"ಅಕಿ ಹೋಗೂ ಮುಂಚೆ ಒಂದ ಮಾತ ಹೇಳಿದ್ರ ಆಗತಿತ್ತು."

"ಆಗತಿತ್ತು."

ಬಾಯವ್ವ ಅಳಲಿಲ್ಲ, ಬೈಯಲಿಲ್ಲ. "ನಿಮಗ ಇನ್ನ ಬರ್ರಿ ಅಂತ ನಾ ಅನ್ನೂದಿಲ್ಲ. ಬರಬ್ಯಾಡ್ರಿ ಅನ್ನೂದೂ ಇಲ್ಲ. ನನಗ ಏನ ಅನ್ನಬೇಕಂತ ತಿಳೀವಲ್ದು," ಅಂದಳು. ಆಮೇಲೆ ಚೀಲದ ಕಡೆ ನೋಡಿ, "ಅದರಾಗ ಏನೈತಿ?" ಅಂದಳು.

ಕಾಡವ್ವ ಬಾಟ್ಲಿ ತೆಗೆದಳು. ಬಾಯವ್ವ ಅದನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಮಗಳು ನಾಲ್ಕು ವರ್ಷ ಏನು ಮಾಡುತ್ತಿದ್ದಳೆಂದು ಅವಳು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಎದ್ದು ಹೋಗಿ ಗಂಡನ ಬಣ್ಣದ ಡಬ್ಬಿಯಿಂದ ಒಂದು ಚಿಟಿಕೆ ನೀಲಿ ತಂದಳು. ಗಾಜಿನ ಲೋಟದಲ್ಲಿ ನೀರು ಹಾಕಿ ಅದನ್ನು ಕದಡಿದಳು. ಕಾಡವ್ವ ಬಾಟ್ಲಿಯ ಕಂದು ನೀರನ್ನು ಅಳತೆ ಮಾಡಿ ಬೆರೆಸಿದಳು. ಲೋಟವನ್ನು ಹೊರಗೆ ಕಟ್ಟೆಯ ಮೇಲೆ ಸುಡು ಬಿಸಿಲಿಗಿಟ್ಟು, ಇಬ್ಬರೂ ಗೋಡೆಯ ನೆರಳಿಗೆ ಸರಿದು, ಒಂದು ಮೊಳ ಅಂತರ ಬಿಟ್ಟು ಕೂತರು.

ಓಣಿಯಲ್ಲಿ ಮಗ್ಗದ ಸದ್ದು ಬರುತ್ತಿತ್ತು. ಯಾರೋ ಹಾದು ಹೋಗುತ್ತ ಏನು ಅಂತ ಕೇಳಿದರು. ಇಬ್ಬರೂ ಲೋಟದಿಂದ ಕಣ್ಣು ತೆಗೆಯಲಿಲ್ಲ. ನೀಲಿ ಮೊದಲು ಅಂಚಿನಲ್ಲಿ ತೆಳುವಾಯಿತು. ಆಮೇಲೆ ಒಳಗೆ. ಬಾಯವ್ವ ಬಾಗಿ, ಲೋಟದ ಹತ್ತಿರ ಮುಖ ತಂದು, ಉಸಿರು ಬಿಗಿ ಹಿಡಿದು ನೋಡತೊಡಗಿದಳು. ಬಣ್ಣ ಎಲ್ಲಿಗೂ ಹರಿದು ಹೋಗಲಿಲ್ಲ, ತಳಕ್ಕೂ ಇಳಿಯಲಿಲ್ಲ. ಇದ್ದಲ್ಲೇ ಇಲ್ಲವಾಯಿತು. ಲೋಟದಲ್ಲಿ ತಿಳಿಚಹಾದಷ್ಟು ಕಂದು ಮಾತ್ರ ಉಳಿಯಿತು, ಅದರ ಮೂಲಕ ಆಚೆಯ ಕಲ್ಲು ಕಂಡಿತು.

ಬಾಯವ್ವ ಲೋಟ ಎತ್ತಿಕೊಳ್ಳಲಿಲ್ಲ. ಮತ್ತೆ ಒಳಗೆ ಹೋಗಿ ಇನ್ನೊಂದು ಚಿಟಿಕೆ ನೀಲಿ ತಂದು ಕಾಡವ್ವನ ಮುಂದೆ ಹಿಡಿದಳು.

"ಇನ್ನೊಮ್ಮಿ ಮಾಡ್ರಿ," ಅಂದಳು.

ಕಾಡವ್ವ ಅದನ್ನು ಅದೇ ಲೋಟಕ್ಕೆ ಹಾಕಿ ಕದಡಿದಳು. ಅವಳು ಮರಳಬೇಕಿದ್ದ ಮೂರು ಗಂಟೆಯ ಸವದತ್ತಿ ಬಸ್ಸಿನ ಹಾರ್ನು ಸ್ಟ್ಯಾಂಡಿನ ಕಡೆಯಿಂದ ಕೇಳಿಸಿತು. ಯುವರಾಜ ತಲೆ ಎತ್ತಿ ಅವಳ ಕಡೆ ನೋಡಿದ. ಅವಳು ಏಳಲಿಲ್ಲ.